ಹಳೆಯ ಎವಿಕ್ಷನ್, ಹೊಸ ಬಾಡಿಗೆ ಮನೆ: ಅಮೆರಿಕದಲ್ಲಿ ಈ ದಾಖಲೆ ಬೆಳೆದು ಬಂದ ಬಗೆ ಮತ್ತು ಅದನ್ನು ಸರಿಪಡಿಸುವ ದಾರಿ

ಅಮೆರಿಕದಲ್ಲಿ ಬಾಡಿಗೆ ಮನೆಗೆ ಅರ್ಜಿ ಹಾಕಿದರೆ ನಿಮ್ಮ ಹೆಸರು, ಹುಟ್ಟಿದ ತಾರೀಖು, ಹಿಂದಿನ ವಿಳಾಸಗಳು ಬಾಡಿಗೆದಾರರ ಹಿನ್ನೆಲೆ ಪರಿಶೀಲಿಸುವ ಒಂದು ಸ್ಕ್ರೀನಿಂಗ್ ಕಂಪನಿಗೆ ಹೋಗುತ್ತವೆ. ಅಲ್ಲಿಂದ ಬರುವ ವರದಿಯಲ್ಲಿ ‘ಎವಿಕ್ಷನ್’ (ಮನೆಯಿಂದ ತೆರವು) ತಲೆಬರಹದ ಕೆಳಗೆ ಒಂದು ಸಾಲಿದ್ದರೂ ದೊಡ್ಡ ಅಪಾರ್ಟ್‌ಮೆಂಟ್ ಕಂಪನಿಗಳು ಬಹುತೇಕ ಅರ್ಜಿಯನ್ನು ಪಕ್ಕಕ್ಕಿಡುತ್ತವೆ. ಈ ವ್ಯಕ್ತಿಯನ್ನು ಮನೆಯಿಂದ ಹೊರಹಾಕಿದ್ದಾರೆ ಎಂದು ಓದಿದವರು ತಿಳಿಯುತ್ತಾರೆ. ಆದರೆ ಆ ಸಾಲು ಖಚಿತವಾಗಿ ಹೇಳುವುದು ಇಷ್ಟೇ: ಮಾಲೀಕರೊಬ್ಬರು ಕೋರ್ಟಿನಲ್ಲಿ ತೆರವು ಮೊಕದ್ದಮೆ ಹೂಡಿದ್ದರು. ಬಾಡಿಗೆದಾರ ಗೆದ್ದಿರಬಹುದು, ಮರುದಿನವೇ ಬಾಕಿ ಕಟ್ಟಿರಬಹುದು, ಮಾಲೀಕರೇ ಕೇಸು ಹಿಂದಕ್ಕೆ ಪಡೆದಿರಬಹುದು. ದಾಖಲೆ ಹುಟ್ಟುವುದು ಕೇಸು ದಾಖಲಾದ ದಿನ, ತೀರ್ಪಿನ ದಿನವಲ್ಲ. ಮುಂದಿನ ಗೋಳೆಲ್ಲ ಇದರಿಂದಲೇ ಶುರುವಾಗುತ್ತದೆ.

ತೆರವು ಮೊಕದ್ದಮೆಗಳು ಅಲ್ಲಿ ಬೇಗ ಮುಗಿಯಲೆಂದೇ ರೂಪುಗೊಂಡವು. ಮಾಲೀಕರು ತಾವೇ ಬೀಗ ಜಡಿದು, ಸಾಮಾನು ಬೀದಿಗೆಸೆಯುವುದನ್ನು ತಪ್ಪಿಸಲು 19ನೇ ಶತಮಾನದಲ್ಲಿ ಹಲವು ರಾಜ್ಯಗಳು ಚುರುಕು ವಿಚಾರಣೆಯ ಕಾನೂನು ತಂದವು. ಕೈಗೆ ಕಾನೂನು ತೆಗೆದುಕೊಳ್ಳಬೇಡಿ, ಬದಲಿಗೆ ಕೋರ್ಟು ಬೇಗ ತೀರ್ಮಾನ ಕೊಡುತ್ತದೆ ಎಂಬ ಒಪ್ಪಂದ ಅದು. ಆರೆಗಾನ್ ರಾಜ್ಯದಲ್ಲಿ ಬಾಡಿಗೆದಾರ ಮುಂದಿನ ಬಾಡಿಗೆಗೆ ಭದ್ರತೆ ಒದಗಿಸದಿದ್ದರೆ ನೋಟಿಸ್ ಜಾರಿಯಾದ 6 ದಿನದೊಳಗೆ ವಿಚಾರಣೆ ನಡೆಯಬೇಕೆಂಬ ನಿಯಮವಿತ್ತು. ಇದನ್ನು ಪ್ರಶ್ನಿಸಿದ ಲಿಂಡ್ಸಿ ವಿರುದ್ಧ ನಾರ್ಮೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿ ಆ ಗಡುವನ್ನು ಎತ್ತಿಹಿಡಿಯಿತು. ವರ್ಷಗಟ್ಟಲೆ ಎಳೆಯುವ ನಮ್ಮೂರ ಬಾಡಿಗೆ ವ್ಯಾಜ್ಯಗಳನ್ನು ಕಂಡು ಹೋದವರಿಗೆ ಈ ವೇಗ ಊಹೆಗೂ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಮನ್ಸಿಗೆ ಉತ್ತರ ಕೊಡಲು 2024ರ ಕೊನೆಯವರೆಗೂ ಇದ್ದದ್ದು 5 ಕೆಲಸದ ದಿನ. 2025ರ ಜನವರಿಯಿಂದ ಅದು 10 ಆಗಿದೆ.

ಅದೇ ಕಾಲಕ್ಕೆ ಬಾಡಿಗೆದಾರರ ಹಕ್ಕುಗಳೂ ಬೆಳೆದವು. ಮನೆ ವಾಸಯೋಗ್ಯವಾಗಿರಬೇಕು, ಇಲ್ಲದಿದ್ದರೆ ಬಾಡಿಗೆ ತಡೆಹಿಡಿದು ಕೋರ್ಟಿನಲ್ಲಿ ವಾದಿಸಬಹುದು ಎಂಬ ತತ್ವಕ್ಕೆ ವಾಷಿಂಗ್ಟನ್ ಡಿ.ಸಿ.ಯ ಜಾವಿನ್ಸ್ ತೀರ್ಪು 1970ರಲ್ಲಿ ಗಟ್ಟಿ ನೆಲೆ ಕೊಟ್ಟಿತು. ಆದರೆ ಆ ಹಕ್ಕನ್ನು ಬಳಸಬೇಕಾದರೆ ಮೊದಲು ನಿಮ್ಮ ಮೇಲೆ ಕೇಸು ಬೀಳಬೇಕು! 1970ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿನ ಕಡತಗಳಿಂದ ಬಾಡಿಗೆದಾರರ ಹೆಸರು ಎತ್ತಿಕೊಂಡು ಮಾಲೀಕರಿಗೆ ಮಾರುವ ವ್ಯಾಪಾರ ಶುರುವಾಗಿತ್ತು. ನ್ಯೂಯಾರ್ಕಿನಲ್ಲಂತೂ ಹೌಸಿಂಗ್ ಕೋರ್ಟಿನ ಮಾಹಿತಿಯನ್ನು ನ್ಯಾಯಾಂಗ ಆಡಳಿತವೇ ಈ ಕಂಪನಿಗಳಿಗೆ ಮಾರುತ್ತಿತ್ತು. ಚಳಿಗಾಲದಲ್ಲಿ ಹೀಟರ್ ಕೆಟ್ಟಿದ್ದಕ್ಕೆ ಬಾಡಿಗೆ ತಡೆದು, ಕೋರ್ಟಿನಲ್ಲಿ ಗೆದ್ದವರ ಹೆಸರೂ ಕಪ್ಪುಪಟ್ಟಿಗೆ ಸೇರಿತು. ಕಾನೂನು ಒಂದು ಕೈಯಲ್ಲಿ ಕೊಟ್ಟ ಹಕ್ಕನ್ನು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತು. ಈ ದಾಖಲೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಗೆದ್ದವರ ಹೆಸರನ್ನಾದರೂ ವರದಿಯಲ್ಲಿ ಹಾಕಬೇಡಿ ಎಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಸಾರ್ವಜನಿಕ ದಾಖಲೆಯನ್ನು ಪ್ರಕಟಿಸುವುದು ವಾಕ್ ಸ್ವಾತಂತ್ರ್ಯ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1995ರಲ್ಲಿ ಅದನ್ನು ರದ್ದು ಮಾಡಿತು. ಹೀಗಾಗಿ ಉಳಿದ ದಾರಿ, ಮಾಹಿತಿ ಕೋರ್ಟಿನಿಂದ ಹೊರಬೀಳದಂತೆ ನೋಡಿಕೊಳ್ಳುವುದು. 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹೂಡಿದ 60 ದಿನದೊಳಗೆ ಮಾಲೀಕರು ಗೆದ್ದರೆ ಮಾತ್ರ ಕಡತ ಹೊರಗಿನವರಿಗೆ ಸಿಗುತ್ತದೆ. ಇಲ್ಲದಿದ್ದರೆ ಮುಚ್ಚಿಯೇ ಇರುತ್ತದೆ. ನ್ಯೂಯಾರ್ಕ್ 2019ರಲ್ಲಿ ಇನ್ನೊಂದು ದಾರಿ ಹಿಡಿದು, ಹಳೆಯ ಬಾಡಿಗೆ ಮೊಕದ್ದಮೆಯ ಕಾರಣಕ್ಕೆ ಮನೆ ನಿರಾಕರಿಸುವುದನ್ನೇ ನಿಷೇಧಿಸಿತು. ಆರೆಗಾನ್‌ನಲ್ಲಿ ವಜಾ ಆದ ಕೇಸನ್ನಾಗಲಿ, 5 ವರ್ಷ ದಾಟಿದ ತೀರ್ಪನ್ನಾಗಲಿ ಮಾಲೀಕರು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಮಿನೆಸೋಟದಲ್ಲಿ 2024ರಿಂದ, ವಜಾ ಆದ ಕೇಸುಗಳನ್ನೂ ತೆರವು ಆದೇಶವಾಗಿ 3 ವರ್ಷ ಕಳೆದವನ್ನೂ ಕೋರ್ಟು ಅಳಿಸಲೇಬೇಕು. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಮೇ ತಿಂಗಳಿಂದ ದಾಖಲೆ ಮುಚ್ಚಲು ಅರ್ಜಿ ಹಾಕಬಹುದು. ಇಂಥ ಯಾವ ರಕ್ಷಣೆಯೂ ಇಲ್ಲದ ರಾಜ್ಯಗಳೂ ಇವೆ. ಆದ್ದರಿಂದ ಕೇಸು ನಡೆದದ್ದು ಯಾವ ರಾಜ್ಯದಲ್ಲಿ, ಈಗ ಮನೆ ಹುಡುಕುತ್ತಿರುವುದು ಯಾವ ರಾಜ್ಯದಲ್ಲಿ ಎಂದು ಎರಡನ್ನೂ ನೋಡಬೇಕು.

ಇಡೀ ದೇಶಕ್ಕೆ ಅನ್ವಯಿಸುವುದು 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್. ಅದರ ಪ್ರಕಾರ ಸಿವಿಲ್ ಮೊಕದ್ದಮೆ ಅಥವಾ ತೀರ್ಪು ಸಾಮಾನ್ಯವಾಗಿ 7 ವರ್ಷ ವರದಿಯಲ್ಲಿರಬಹುದು. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಚಾಲ್ತಿಯಲ್ಲಿದೆ. ಜನರ ಸಾಲದ ಚರಿತ್ರೆ ದಾಖಲಿಸುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ 2017ರ ಜುಲೈನಿಂದ ಸಿವಿಲ್ ತೀರ್ಪುಗಳನ್ನು ತಮ್ಮ ಕ್ರೆಡಿಟ್ ರಿಪೋರ್ಟಿನಿಂದ ತೆಗೆದುಹಾಕಿದವು. ಹಾಗಾಗಿ ಕ್ರೆಡಿಟ್ ರಿಪೋರ್ಟ್ ನೋಡಿ ‘ಎವಿಕ್ಷನ್ ಇಲ್ಲ’ ಎಂದು ನಿಶ್ಚಿಂತೆಯಾಗಿರುವವರು ಮೋಸ ಹೋಗುತ್ತಾರೆ. ಎವಿಕ್ಷನ್ ಕಾಣುವುದು ಬಾಡಿಗೆ ಸ್ಕ್ರೀನಿಂಗ್ ವರದಿಯಲ್ಲಿ. ಬಾಕಿ ಬಾಡಿಗೆ ವಸೂಲಿ ಏಜೆನ್ಸಿಗೆ ಹೋಗಿದ್ದರೆ ಅದಷ್ಟೇ ಕ್ರೆಡಿಟ್ ರಿಪೋರ್ಟಿನಲ್ಲಿ ಬರಬಹುದು.

ವರದಿಯ ಆ ಸಾಲನ್ನು ಹತ್ತಿರದಿಂದ ನೋಡೋಣ. ಕೌಂಟಿಯ (ಅಲ್ಲಿನ ಜಿಲ್ಲೆಯ) ಹೆಸರು, ಕೇಸ್ ನಂಬರ್, ದಾಖಲಾದ ತಾರೀಖು, ಮಾಲೀಕರ ಕಂಪನಿಯ ಹೆಸರು, ಕ್ಲೇಮ್ ಮಾಡಿದ ಮೊತ್ತ, ಕೊನೆಗೆ ‘ಡಿಸ್ಪೊಸಿಷನ್’, ಅಂದರೆ ಕೇಸು ಏನಾಯಿತು ಎಂಬ ಕಾಲಂ. ಎಡವಟ್ಟು ಹೆಚ್ಚು ಆಗುವುದು ಈ ಕೊನೆಯ ಕಾಲಂನಲ್ಲಿ. ಕೇಸು ದಾಖಲಾದಾಗ ಮಾಹಿತಿ ಎತ್ತಿಕೊಂಡ ಕಂಪನಿ, ವಜಾ ಆದಾಗ ಮತ್ತೆ ಬಂದು ನೋಡದಿದ್ದರೆ ಕಾಲಂ ಖಾಲಿ ಉಳಿಯುತ್ತದೆ. ಒಂದೇ ಕೇಸಿನ ದಾಖಲಾತಿ, ತೀರ್ಪು, ತೆರವು ವಾರಂಟ್ ಬೇರೆಬೇರೆ ಸಾಲಾಗಿ ಬಂದು ಮೂರು ಎವಿಕ್ಷನ್‌ಗಳಂತೆ ಕಾಣುವುದೂ ಉಂಟು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್ ಸಂಶೋಧಕರು 12 ರಾಜ್ಯಗಳ ಕೋರ್ಟ್ ದಾಖಲೆಗಳನ್ನು ಪರಿಶೀಲಿಸಿದಾಗ ಸರಾಸರಿ 22% ದಾಖಲೆಗಳು ಅಸ್ಪಷ್ಟವಾಗಿದ್ದವು ಅಥವಾ ತಪ್ಪಾಗಿದ್ದವು. ಕೋರ್ಟಿನ ಮೂಲ ದಾಖಲೆಗಳದ್ದೇ ಈ ಪಾಡು. 2020ರಲ್ಲಿ, ಬಾಡಿಗೆ ಸ್ಕ್ರೀನಿಂಗ್ ವರದಿ ಕೊಡುವ ಆ್ಯಪ್‌ಫೋಲಿಯೊ ಕಂಪನಿ ಇಂಥ ವರದಿಗಳ ವಿಚಾರದಲ್ಲಿ 42.5 ಲಕ್ಷ ಡಾಲರ್ ಕಟ್ಟಲು ಒಪ್ಪಿತು. 2023ರಲ್ಲಿ ಟ್ರಾನ್ಸ್‌ಯೂನಿಯನ್‌ನ ಬಾಡಿಗೆ ಸ್ಕ್ರೀನಿಂಗ್ ವಿಭಾಗ ಎವಿಕ್ಷನ್ ದಾಖಲೆಗಳ ನಿಖರತೆಯ ವಿಷಯದಲ್ಲಿ 1.5 ಕೋಟಿ ಡಾಲರ್ ತೆರಬೇಕಾಯಿತು.

ಕನ್ನಡಿಗರಿಗೆ ಇನ್ನೊಂದು ಅಪಾಯವೂ ಇದೆ. ಕೋರ್ಟಿನ ತೆರವು ಕಡತದಲ್ಲಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ಹುಟ್ಟಿದ ತಾರೀಖೂ ಸಾಮಾನ್ಯವಾಗಿ ಇರುವುದಿಲ್ಲ. ಕಂಪನಿ ಹೊಂದಿಸುವುದು ಹೆಸರು ಮತ್ತು ವಿಳಾಸ. ನಮ್ಮ ಹೆಸರುಗಳೋ, ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಬಾಡಿಗೆ ಕರಾರಾದ ಲೀಸ್‌ನಲ್ಲಿ ಇನ್ನೊಂದು ಬಗೆ. ಸರ್‌ನೇಮ್ ಜಾಗದಲ್ಲಿ ಇನಿಷಿಯಲ್, ಕೆಲವೊಮ್ಮೆ ಅಪ್ಪನ ಹೆಸರು, ಕೆಲವೊಮ್ಮೆ ಊರಿನ ಹೆಸರು. ಒಂದೇ ಹೆಸರಿದ್ದವರ ವೀಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾಗಿರುತ್ತದೆ. ಕುಮಾರ್, ರಾವ್, ಗೌಡ ಎಂಬ ಹೆಸರಿನವರು ಒಂದೇ ಊರಿನಲ್ಲಿ ಎಷ್ಟೋ ಜನ. ಬೇರೊಬ್ಬರ ಕೇಸು ನಿಮ್ಮ ತಲೆಗೆ ಅಂಟಿದ್ದರೆ ಆ ಅವಧಿಯಲ್ಲಿ ನೀವು ಬೇರೆಡೆ ಇದ್ದಿರಿ ಎನ್ನುವ ಲೀಸ್, ವಿದ್ಯುತ್ ಬಿಲ್, ಸಂಬಳದ ಚೀಟಿ ನಿಮ್ಮ ಸಾಕ್ಷಿ. ಎಲ್ಲ ಕಡೆ ಹೆಸರನ್ನು ಒಂದೇ ಕಾಗುಣಿತದಲ್ಲಿ ಬರೆಯುವ ಅಭ್ಯಾಸ ಇಂಥ ಕಡೆ ಕೈಹಿಡಿಯುತ್ತದೆ.

ಕೆಲಸ ಶುರುವಾಗಬೇಕಾದದ್ದು ಮನೆ ಹುಡುಕುವುದಕ್ಕೂ ಮೊದಲು, ಕೋರ್ಟಿನಿಂದ. ಕೇಸು ನಡೆದ ಕೌಂಟಿಯ ಕೋರ್ಟ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿ. ಸಿಗದಿದ್ದರೆ ಕ್ಲರ್ಕ್ ಕಚೇರಿಯಲ್ಲಿ ಕೇಳಿ. ಕೇಸು ಮುಗಿದ ಬಗೆ ಹೇಳುವ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ವಜಾ ಆಗಿದ್ದರೆ ಅಥವಾ ನೀವು ಗೆದ್ದಿದ್ದರೆ ಅದೇ ನಿಮ್ಮ ಮುಖ್ಯ ಕಾಗದ. ನೀವು ಹಾಜರಾಗದೆ ತೀರ್ಪಾಗಿದ್ದರೆ, ಸಮನ್ಸ್ ಸರಿಯಾಗಿ ತಲುಪಿರಲಿಲ್ಲ ಎಂಬಂಥ ಕಾರಣದ ಮೇಲೆ ತೀರ್ಪು ರದ್ದು ಕೋರಬಹುದು. ಇದಕ್ಕೆ ಗಡುವು ಇರುವುದರಿಂದ ತಿಳಿದ ಕೂಡಲೇ ಉಚಿತ ಕಾನೂನು ನೆರವಿನ ಕಚೇರಿಗೆ ಹೋಗುವುದು ಲೇಸು. ಹಣ ಕಟ್ಟಬೇಕೆಂಬ ತೀರ್ಪಿದ್ದರೆ ಕಟ್ಟಿದ ಮೇಲೆ ‘ಸ್ಯಾಟಿಸ್‌ಫ್ಯಾಕ್ಷನ್ ಆಫ್ ಜಡ್ಜ್‌ಮೆಂಟ್’ (ತೀರ್ಪಿನ ಹಣ ಸಂದಾಯವಾಗಿದೆ) ಎಂಬ ಕಾಗದ ಕೋರ್ಟಿನಲ್ಲಿ ದಾಖಲಾಗಬೇಕು. ಹಣ ಬಂದ ಮೇಲೆ ಮಾಲೀಕರು ಇದನ್ನು ಮರೆಯುವುದೇ ಹೆಚ್ಚು. ಹಣ ಕಟ್ಟುವ ಮೊದಲೇ ಮೊತ್ತ, ತಾರೀಖು ಮತ್ತು ಈ ಕಾಗದ ಹಾಕುವ ಹೊಣೆ ಮೂರನ್ನೂ ಬರಹದಲ್ಲಿ ಪಡೆಯಿರಿ. ಸಾಧ್ಯವಿದ್ದರೆ ದಾಖಲೆ ಮುಚ್ಚಲು ಮಾಲೀಕರ ಒಪ್ಪಿಗೆಯನ್ನೂ ಅದೇ ಪತ್ರದಲ್ಲಿ ಸೇರಿಸಿಕೊಳ್ಳಿ. ಹಣ ಕೈಸೇರಿದ ಮೇಲೆ ಕೇಳಿದರೆ ಆ ಸಹಿ ಸಿಗುವುದು ಕಷ್ಟ.

ಕೇಸು ಈಗಲೂ ನಡೆಯುತ್ತಿರುವವರು ಇನ್ನಷ್ಟು ಜಾಗ್ರತೆಯಾಗಿರಬೇಕು. ಕೆಲಸ ಹೋಗಿ ಮನೆ ಖಾಲಿ ಮಾಡಿ ಬೀಗದಕೈ ಕೊಟ್ಟುಬಿಟ್ಟರೆ ಕೇಸು ತಾನಾಗಿ ಮುಗಿಯುವುದಿಲ್ಲ. ಗೈರುಹಾಜರಿಯಲ್ಲಿ ತೀರ್ಪಾಗುತ್ತದೆ. ಬಾಕಿ ಕಟ್ಟಿದ ಮೇಲೂ ವಜಾ ಆದೇಶ ಕಣ್ಣಿಗೆ ಬೀಳುವವರೆಗೆ ವಿಚಾರಣೆಯ ದಿನ ಹಾಜರಿರಬೇಕು. ಕೋರ್ಟಿನ ಮೊಗಸಾಲೆಯಲ್ಲಿ ಮಾಲೀಕರ ವಕೀಲರು ‘ಕಂತಿನ ಒಪ್ಪಂದ’ ಎಂದು ನೀಡುವ ಕಾಗದದ ತಲೆಬರಹ ಓದಿ. ಅದು ‘ಸ್ಟಿಪ್ಯುಲೇಟೆಡ್ ಜಡ್ಜ್‌ಮೆಂಟ್’ ಆಗಿದ್ದರೆ ನೀವು ಸಹಿ ಹಾಕುತ್ತಿರುವುದು ನಿಮ್ಮ ವಿರುದ್ಧದ ತೀರ್ಪಿಗೆ. ಕಂತು ಮುಗಿದಾಗ ಕೇಸು ವಜಾ ಆಗಬೇಕು ಎಂಬ ಒಪ್ಪಂದ ಕೇಳಿ.

ಕೋರ್ಟಿನ ಕಾಗದ ಕೈಗೆ ಬಂದ ಮೇಲೆ ಸ್ಕ್ರೀನಿಂಗ್ ಕಂಪನಿಗಳ ಸರದಿ. ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯಾದ ಸಿಎಫ್‌ಪಿಬಿ ಇವುಗಳ ಪಟ್ಟಿ ಪ್ರಕಟಿಸಿದೆ. ದೇಶವ್ಯಾಪಿ ಬಾಡಿಗೆ ಮಾಹಿತಿ ಇಡುವ ಕಂಪನಿಗಳಿಂದ 12 ತಿಂಗಳಿಗೊಮ್ಮೆ ನಿಮ್ಮ ಕಡತವನ್ನು ಪುಕ್ಕಟೆಯಾಗಿ ತರಿಸಿಕೊಳ್ಳಬಹುದು. ತಪ್ಪಿದ್ದರೆ ಕೇಸ್ ನಂಬರ್ ಸಮೇತ, ಆದೇಶದ ಪ್ರತಿ ಲಗತ್ತಿಸಿ ಬರಹದಲ್ಲಿ ಆಕ್ಷೇಪ ಸಲ್ಲಿಸಿ. ಸಾಮಾನ್ಯವಾಗಿ 30 ದಿನದೊಳಗೆ ಅವರು ಪರಿಶೀಲಿಸಬೇಕು. ಕೋರ್ಟು ದಾಖಲೆ ಮುಚ್ಚಿದ ಮಾತ್ರಕ್ಕೆ ಕಂಪನಿಯ ಬಳಿಯಿರುವ ಹಳೆಯ ಪ್ರತಿ ತಾನಾಗಿ ಅಳಿಯುವುದಿಲ್ಲ. ಆ ಆದೇಶವನ್ನೂ ಒಂದೊಂದು ಕಂಪನಿಗೂ ಕಳಿಸಬೇಕು.

‘ಎವಿಕ್ಷನ್ ಅಳಿಸಿಕೊಡುತ್ತೇವೆ’ ಎಂದು ಮುಂಗಡ ಕೇಳುವವರಿಂದ ದೂರವಿರಿ. ಕ್ರೆಡಿಟ್ ರಿಪೇರಿ ಸೇವೆಗೆ ಕೆಲಸ ಮುಗಿಸುವ ಮೊದಲೇ ದುಡ್ಡು ಪಡೆಯುವುದನ್ನು 1996ರ ಕಾನೂನು ನಿಷೇಧಿಸಿದೆ.

ಅರ್ಜಿ ಹಾಕುವಾಗ ಶುಲ್ಕ ಕಟ್ಟುವ ಮೊದಲು ಮಾಲೀಕರ ಆಯ್ಕೆ ನಿಯಮಗಳನ್ನು ಬರಹದಲ್ಲಿ ಕೇಳಿ: ಎಷ್ಟು ವರ್ಷ ಹಿಂದಿನ ಎವಿಕ್ಷನ್ ನೋಡುತ್ತೀರಿ, ವಜಾ ಆದ ಕೇಸನ್ನೂ ಲೆಕ್ಕಕ್ಕೆ ಹಿಡಿಯುತ್ತೀರಾ? ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ಇದನ್ನು ತಿಳಿಸುವುದು ಮಾಲೀಕರ ಹೊಣೆ. ನ್ಯೂಯಾರ್ಕಿನಲ್ಲಿ ಅರ್ಜಿ ಶುಲ್ಕ 20 ಡಾಲರ್ ಮೀರುವಂತಿಲ್ಲ. ಮಿತಿಯಿಲ್ಲದ ಕಡೆ ಹತ್ತು ಅರ್ಜಿ ತಿರಸ್ಕೃತವಾಗುವಷ್ಟರಲ್ಲಿ ಜೇಬು ಬರಿದಾಗಿರುತ್ತದೆ. ನೂರಾರು ಮನೆಗಳ ಕಂಪನಿಗಳಲ್ಲಿ ಸಾಫ್ಟ್‌ವೇರ್ ಹೇಳಿದ್ದೇ ಕೊನೆ. ಒಂದೆರಡು ಮನೆ ಇರುವ ಮಾಲೀಕರು ಕುಳಿತು ಕಾಗದ ಓದುವ ಸಾಧ್ಯತೆ ಹೆಚ್ಚು. ಅಂಥವರಿಗೆ ಒಂದು ಪುಟ ಮೀರದ ಪತ್ರ ಕೊಡಿ: ಏನಾಯಿತು, ಕೇಸು ಹೇಗೆ ಮುಗಿಯಿತು, ಈಗ ಸಂಬಳ ಎಷ್ಟು. ಜೊತೆಗೆ ಕೋರ್ಟಿನ ಆದೇಶ, ಸಂಬಳದ ಚೀಟಿಗಳು, ಆಮೇಲಿನ ಮನೆಯಲ್ಲಿ ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ ಇರಲಿ. ಬಾಡಿಗೆಯ ಮೂರು ಪಟ್ಟು ಆದಾಯ ಬಹಳ ಕಡೆಯ ಅಳತೆಗೋಲು. ಅಷ್ಟಿಲ್ಲದಿದ್ದರೆ ಜಾಮೀನುದಾರರು ಬೇಕಾಗುತ್ತಾರೆ.

ಹೆಚ್ಚು ಡೆಪಾಸಿಟ್ ಕೊಡುತ್ತೇನೆ ಎಂಬ ಆಸೆ ತೋರಿಸುವುದು ಎಲ್ಲ ಕಡೆ ನಡೆಯುವುದಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕಂಡ ಬೆಂಗಳೂರಿನವರಿಗೆ ಅಚ್ಚರಿಯಾಗಬಹುದು, ನ್ಯೂಯಾರ್ಕಿನಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಪಡೆಯುವುದು ಕಾನೂನುಬಾಹಿರ. ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈನಿಂದ, ಕೆಲವು ಸಣ್ಣ ಮಾಲೀಕರನ್ನು ಬಿಟ್ಟರೆ, ಇದೇ ಮಿತಿ.

ಅರ್ಜಿಯಲ್ಲಿನ ಪ್ರಶ್ನೆಯನ್ನು ಅಕ್ಷರಶಃ ಓದಿ ನಿಜ ಬರೆಯಿರಿ. ‘ನಿಮ್ಮನ್ನು ಎವಿಕ್ಟ್ ಮಾಡಲಾಗಿದೆಯೇ’ ಎಂಬುದೂ ‘ಎವಿಕ್ಷನ್ ಕೇಸು ದಾಖಲಾಗಿತ್ತೇ’ ಎಂಬುದೂ ಬೇರೆ. ವಜಾ ಆದ ಕೇಸಿದ್ದವರು ಮೊದಲನೆಯದಕ್ಕೆ ‘ಇಲ್ಲ’ ಎಂದರೆ ಸುಳ್ಳಲ್ಲ. ಎರಡನೆಯದಕ್ಕೆ ಸುಳ್ಳು ಬರೆದು ಸಿಕ್ಕಿಬಿದ್ದರೆ ಲೀಸ್ ಸಹಿಯಾದ ಮೇಲೂ ಅದೇ ಕಾರಣಕ್ಕೆ ತೆರವು ಮಾಡಿಸಬಹುದು.

ಸ್ಕ್ರೀನಿಂಗ್ ವರದಿಯ ಆಧಾರದ ಮೇಲೆ ನಿರಾಕರಿಸಿದರೆ, ಅಥವಾ ಹೆಚ್ಚು ಡೆಪಾಸಿಟ್, ಜಾಮೀನು ಕೇಳಿದರೂ ಸರಿ, ಯಾವ ಕಂಪನಿಯ ವರದಿ ಎಂದು ಹೇಳುವ ‘ಅಡ್ವರ್ಸ್ ಆ್ಯಕ್ಷನ್’ ನೋಟಿಸನ್ನು ಮಾಲೀಕರು ಕೊಡಲೇಬೇಕು. ಕೊಡದಿದ್ದರೆ ಇಮೇಲ್ ಮೂಲಕ ಕೇಳಿ. ಆ ನೋಟಿಸ್ ಬಂದ 60 ದಿನದೊಳಗೆ ಕೇಳಿದರೆ ವರದಿಯ ಪ್ರತಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೊದಲು ನೋಡಬೇಕಾದದ್ದು ಡಿಸ್ಪೊಸಿಷನ್ ಕಾಲಂ, ಆಮೇಲೆ ಕೇಸು ದಾಖಲಾಗಿ, ತೀರ್ಪಾಗಿದ್ದರೆ ತೀರ್ಪು ದಾಖಲಾಗಿ, 7 ವರ್ಷ ದಾಟಿದೆಯೇ ಎಂಬ ಲೆಕ್ಕ.