ಅಪ್‌ಡೇಟ್ ಬಳಕೆದಾರರ ಕಣ್ಣಿಗೆ ಬೀಳಬೇಕೆ?

ಸಣ್ಣ ಕಚೇರಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ತೀರಾ ಪರಿಚಿತವಾದ ಗುಂಡಿಯೆಂದರೆ ‘ಆಮೇಲೆ ನೆನಪಿಸು’ ಎಂಬುದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ತರಾತುರಿಯಲ್ಲಿರುವ ಲೆಕ್ಕಿಗರು ಅದನ್ನು ಒತ್ತಿದರೆ ತಪ್ಪೆನ್ನಲಾಗದು; ಅಪ್‌ಡೇಟ್ ಮುಂದೂಡಿದರೆ ಏನು ಅಪಾಯವೆಂದು ಆ ಸಂದೇಶ ಹೇಳುವುದೇ ಇಲ್ಲ.

ಭದ್ರತಾ ಲೋಪ ಮುಚ್ಚುವ ಪ್ಯಾಚ್‌ಗಳ ಮಟ್ಟಿಗೆ ಬಳಕೆದಾರರನ್ನು ಕೇಳದಿರುವುದೇ ಮೇಲು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಬಳಸಿಕೊಂಡ ಲೋಪಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ ಕೊಟ್ಟಿತ್ತು. ದಾಳಿ ಶುರುವಾದದ್ದು ಮೇ 12ರಂದು. ಈ ನಡುವೆ ಪ್ಯಾಚ್ ಹಾಕದೆ ಬಿಟ್ಟಿದ್ದ ಯಂತ್ರಗಳಿಂದಾಗಿ ಬ್ರಿಟನ್ನಿನ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನೇ ರದ್ದುಗೊಳಿಸಬೇಕಾಯಿತು. ಪದೇ ಪದೇ ಕೇಳುವುದರಲ್ಲಿ ಇನ್ನೊಂದು ಕೇಡೂ ಇದೆ: ಓದದೆ ‘ಸರಿ’ ಒತ್ತುವುದು ರೂಢಿಯಾದವರು, ‘ನಿಮ್ಮ ಬ್ರೌಸರ್ ಹಳೆಯದಾಗಿದೆ’ ಎಂದು ವಂಚಕರು ತೋರಿಸುವ ನಕಲಿ ಸಂದೇಶಕ್ಕೂ ಹಾಗೆಯೇ ಒತ್ತುತ್ತಾರೆ.

2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡುವಂತೆ ಮಾಡಿದ್ದನ್ನು ಈ ವಾದಕ್ಕೆ ಎದುರಾಗಿ ಒಡ್ಡುವವರಿದ್ದಾರೆ. ಆದರೆ ಕೌಂಟರಿನ ಸಿಬ್ಬಂದಿಗೆ ಮೊದಲೇ ಒಂದು ಸಂದೇಶ ಕಂಡಿದ್ದರೂ ಅವರು ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ. ಆ ಅಪ್‌ಡೇಟನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ ಪರೀಕ್ಷಿಸಬೇಕಿತ್ತು, ಮತ್ತು ಆ ಹೊಣೆ ತಯಾರಕರದು.

ನನ್ನ ಆಕ್ಷೇಪವಿರುವುದು ಸಾಧನದ ವರ್ತನೆಯನ್ನೇ ಸದ್ದಿಲ್ಲದೆ ಬದಲಿಸುವ ಅಪ್‌ಡೇಟ್‌ಗಳ ಬಗ್ಗೆ. 2017ರ ಜನವರಿಯ ಐಓಎಸ್ 10.2.1, ಬ್ಯಾಟರಿ ಸವೆದ ಐಫೋನ್‌ಗಳು ಏಕಾಏಕಿ ಆರಿಹೋಗದಂತೆ ತಡೆಯಲು ಪ್ರೊಸೆಸರಿನ ವೇಗವನ್ನು ತಗ್ಗಿಸತೊಡಗಿತು. ತಾಂತ್ರಿಕವಾಗಿ ಅದು ಸಮಂಜಸವಾದ ಉಪಾಯವೇ. ಆದರೆ ವೇಗ ತಗ್ಗಿಸುತ್ತಿರುವುದನ್ನು ಆಪಲ್ ಬಳಕೆದಾರರಿಗೆ ಒಪ್ಪಿ ಹೇಳಿದ್ದು ಡಿಸೆಂಬರಿನಲ್ಲಿ, ಪರೀಕ್ಷಕರು ಸಾಕ್ಷಿ ಮುಂದಿಟ್ಟ ಮೇಲೆ. ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿದ್ದವರು ಫೋನೇ ಹಳತಾಯಿತೆಂದು ಭಾವಿಸಲು ಅಷ್ಟು ತಿಂಗಳ ಮೌನ ಧಾರಾಳವಾಗಿತ್ತು. ಬ್ಯಾಟರಿಯ ಸ್ಥಿತಿಯನ್ನು ತೋರಿಸಿ, ಈ ನಿಯಂತ್ರಣವನ್ನು ಆಫ್ ಮಾಡುವ ಅವಕಾಶ ಕೊಟ್ಟ ಐಓಎಸ್ 11.3 ಬಂದದ್ದು 2018ರ ಮಾರ್ಚ್‌ನಲ್ಲಿ.

ನಾನು ನೋಡಿಕೊಳ್ಳುವ ಕಡೆಗಳಲ್ಲಿ ಭದ್ರತಾ ಪ್ಯಾಚ್‌ಗಳು ತಾವಾಗಿಯೇ ಇಳಿಯುತ್ತವೆ. ರೀಸ್ಟಾರ್ಟ್ ಕೆಲಸದ ವೇಳೆ ಮುಗಿದ ಮೇಲೆ ಆಗುತ್ತದೆ. ದೊಡ್ಡ ಆವೃತ್ತಿ ಬದಲಾವಣೆಯನ್ನು ಮಾತ್ರ ಒಂದು ಯಂತ್ರದಲ್ಲಿ ಪರೀಕ್ಷಿಸಿ, ಬಳಸುವವರಿಗೆ ತಿಳಿಸಿದ ಮೇಲೆ ಹಾಕುತ್ತೇನೆ. ಇಷ್ಟಾದರೂ ಬೆಳಿಗ್ಗೆ ಪ್ರಿಂಟರ್ ಕೈಕೊಟ್ಟರೆ, ರಾತ್ರಿ ಏನು ಬದಲಾಯಿತೆಂದು ಸಾಮಾನ್ಯರು ತಾವೇ ತಿಳಿಯುವುದು ಕಷ್ಟ: ವಿಂಡೋಸ್‌ನ ಅಪ್‌ಡೇಟ್ ಹಿಸ್ಟರಿಯ ಪುಟದಲ್ಲಿ ಅವರಿಗೆ ಕಾಣುವುದು ದಿನಾಂಕದ ಪಕ್ಕದಲ್ಲಿ ‘ಕೆಬಿ’ಯಿಂದ ಶುರುವಾಗುವ ಏಳು ಅಂಕಿಗಳ ಒಂದು ಸಂಖ್ಯೆ.