ಪ್ಲಗ್‌ನಿಂದ ಶುರು ಮಾಡಿ: ಕಲಬುರಗಿ ಬಿಸಿಲಿಗೆ, ಕಡಿಮೆ ಖರ್ಚಿಗೆ, ಮುಂದೆ ಬೆಳೆಸಬಹುದಾದ ಗೇಮಿಂಗ್ ಪಿಸಿ

ಗೇಮಿಂಗ್ ಪಿಸಿ ಜೋಡಿಸಲು ಹೊರಟವರು ಮೊದಲು ಕೇಳುವುದು "ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಅಂತ. ಒಂದೇ ಸಲ ಪೂರ್ತಿ ದುಡ್ಡು ಹಾಕುವವರಿಗೆ ಆ ಪ್ರಶ್ನೆ ಸರಿ. ಈಗ ಸ್ವಲ್ಪ, ಎರಡು ವರ್ಷ ಬಿಟ್ಟು ಇನ್ನಷ್ಟು ಅಂತ ಬೆಳೆಸುವವರಿಗೆ ಲೆಕ್ಕ ಉಲ್ಟಾ ಆಗುತ್ತದೆ. ಕಾರ್ಡ್ ಹೇಗೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಪವರ್ ಸಪ್ಲೈ, ಮದರ್‌ಬೋರ್ಡ್, ಕ್ಯಾಬಿನೆಟ್. ಈ ಮೂರನ್ನು ಮೊದಲು ಗಟ್ಟಿ ಮಾಡಿಕೊಂಡು, ಉಳಿದ ದುಡ್ಡಿನಲ್ಲಿ ಪ್ರೊಸೆಸರ್ ಮತ್ತು ಕಾರ್ಡ್ ನೋಡಬೇಕು.

ಕಲಬುರಗಿಯಲ್ಲಿ ಈ ಮಾತಿಗೆ ತೂಕ ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ಮುಟ್ಟುವುದು ಇಲ್ಲಿ ಹೊಸದೇನಲ್ಲ. ನಾವು ವಿಡಿಯೊದಲ್ಲಿ ನೋಡುವ ಪರೀಕ್ಷೆಗಳು ಹೆಚ್ಚಾಗಿ ತಣ್ಣನೆಯ ಕೋಣೆಯಲ್ಲಿ ನಡೆದಿರುತ್ತವೆ. ಅದಕ್ಕೇ ಈ ಟಿಪ್ಪಣಿ ಗೋಡೆಯ ಪ್ಲಗ್‌ನಿಂದ ಶುರುವಾಗಿ ಒಳಗೆ ಹೋಗುತ್ತದೆ. ಬೆಲೆ ವಾರಕ್ಕೊಂದು ಇರುವುದರಿಂದ ರೂಪಾಯಿ ಲೆಕ್ಕ ಬರೆದಿಲ್ಲ.

ಅರ್ತಿಂಗ್ ಮತ್ತು ಯುಪಿಎಸ್

ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಸಣ್ಣಗೆ ಜುಮ್ ಅನ್ನುತ್ತದೆ ಅಂತ ಹಲವರು ಹೇಳುತ್ತಾರೆ. ಅದಕ್ಕೆ ಮುಖ್ಯ ಕಾರಣ ಮನೆಯ ಅರ್ತಿಂಗ್. ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ (ನಾಯ್ಸ್) ಸೋಸುವ ಪುಟ್ಟ ಕೆಪಾಸಿಟರ್‌ಗಳು ಇರುತ್ತವೆ. ಅವು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕ್ಯಾಬಿನೆಟ್‌ನ ಲೋಹಕ್ಕೆ ಜೋಡಿಸಿರುತ್ತವೆ. ಅರ್ತ್ ಸರಿ ಇದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230 ವೋಲ್ಟ್‌ನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ ಇರುವುದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಅರ್ತ್ ಇಲ್ಲದ ಮನೆಯಲ್ಲಿ ನಿಜವಾದ ಶಾರ್ಟ್ ಆದರೆ ಕಾಪಾಡಲು ಏನೂ ಇರುವುದಿಲ್ಲ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ. ಫೇಸ್ ಮತ್ತು ಅರ್ತ್ ನಡುವೆ ಅಳತೆ ಮಾಡಿದರೆ 230ರ ಹತ್ತಿರ ಬರಬೇಕು. ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್‌ಗೆ ಇಳಿಸುವ ಅಡಾಪ್ಟರ್ ಬೇಡವೇ ಬೇಡ.

ಯುಪಿಎಸ್ ಕೊಳ್ಳುವಾಗ ದೊಡ್ಡದಾಗಿ ಬರೆದ ವಿಎ (ವೋಲ್ಟ್-ಆಂಪಿಯರ್) ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಅಂತ ಇರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್ ಜೋರಾಗಿ ಓಡಿದಾಗ 76 ವ್ಯಾಟ್. ಆರ್‌ಎಕ್ಸ್ 6600 ಕಾರ್ಡ್ 132 ವ್ಯಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ ಒಂದು 45 ಹಿಡಿಯಿರಿ. ಒಟ್ಟು 253. ಮಾನಿಟರ್‌ಗೆ 30 ಸೇರಿಸಿದರೆ 283. ಪವರ್ ಸಪ್ಲೈ ತನ್ನೊಳಗೆ ಕಳೆದುಕೊಳ್ಳುವುದನ್ನೂ ಸೇರಿಸಿದರೆ ಗೋಡೆಯಿಂದ ಎಳೆಯುವುದು 330ರ ಹತ್ತಿರ ಹೋಗುತ್ತದೆ. ಆಟ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು 600 ವಿಎ ನಡೆಸಬಹುದು. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ ಈಗಲೇ 1000 ವಿಎ ಕಡೆ ಹೋಗುವುದು ಒಳ್ಳೆಯದು.

ನಮ್ಮ ಕಡೆ ಬಹಳ ಮನೆಗಳಲ್ಲಿ ಇನ್ವರ್ಟರ್ ಇರುತ್ತದೆ. ಅದಕ್ಕೆ ಪಿಸಿ ಜೋಡಿಸಬಹುದಾ? ಸೈನ್ ವೇವ್ (ಮನೆಯ ಲೈನಿನಂತೆ ನಯವಾದ ಅಲೆಯ ಕರೆಂಟ್ ಕೊಡುವ) ಇನ್ವರ್ಟರ್ ಆಗಿದ್ದು, ಯುಪಿಎಸ್ ಮೋಡ್‌ನಲ್ಲಿ (ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುವ ಸೆಟ್ಟಿಂಗ್) ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಜೊತೆ ಈಗಿನ ಪವರ್ ಸಪ್ಲೈಗಳು ಹೊಂದುವುದಿಲ್ಲ. ಕರೆಂಟ್ ಹೋದ ಗಳಿಗೆಯಲ್ಲೇ ಪಿಸಿ ರೀಸ್ಟಾರ್ಟ್ ಆಗಬಹುದು.

ಪವರ್ ಸಪ್ಲೈ: ಇಲ್ಲಿ ಜಿಪುಣತನ ಬೇಡ

ಕ್ಯಾಬಿನೆಟ್ ಜೊತೆ ಫ್ರೀ ಬರುವ ಪವರ್ ಸಪ್ಲೈ ಪಕ್ಕಕ್ಕಿಡಿ. ಅಂಗಡಿಯಲ್ಲಿ ನಿಂತು ಎರಡು ವಿಷಯ ಓದಿ.

ಒಂದು, ಲೇಬಲ್ ಮೇಲಿನ 12 ವೋಲ್ಟ್ ಸಾಲು. ಪ್ರೊಸೆಸರ್, ಕಾರ್ಡ್ ಎರಡೂ ಶಕ್ತಿ ಎಳೆಯುವುದು ಅಲ್ಲಿಂದಲೇ. ಅಲ್ಲಿ ಬರೆದ ಆಂಪಿಯರನ್ನು 12ರಿಂದ ಗುಣಿಸಿ. 45 ಆಂಪಿಯರ್ ಇದ್ದರೆ 540 ವ್ಯಾಟ್, ಅದು ನಿಜವಾದ 550 ವ್ಯಾಟ್ ಸಪ್ಲೈ. ಡಬ್ಬದ ಮೇಲೆ 500 ಅಂತ ಬರೆದು 12 ವೋಲ್ಟ್ ಸಾಲಿನಲ್ಲಿ ಒಟ್ಟು 25 ಆಂಪಿಯರ್ ಇದ್ದರೆ ನಿಮಗೆ ಉಪಯೋಗಕ್ಕೆ ಬರುವುದು 300 ವ್ಯಾಟ್ ಅಷ್ಟೇ.

ಎರಡು, ಎಷ್ಟು ಡಿಗ್ರಿಯಲ್ಲಿ ಆ ವ್ಯಾಟ್ ಕೊಡುತ್ತದೆ ಅನ್ನುವುದು. ಇದನ್ನು ಕೇಳುವವರು ಕಡಿಮೆ. ನಮ್ಮ ಊರಲ್ಲಿ ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಇದು. ಒಳ್ಳೆಯ ಕಂಪನಿಗಳು ತಮ್ಮ ವಿವರ ಪಟ್ಟಿಯಲ್ಲಿ 40 ಅಥವಾ 50 ಡಿಗ್ರಿಯಲ್ಲಿ ಸತತವಾಗಿ ಇಷ್ಟು ವ್ಯಾಟ್ ಅಂತ ಬರೆದಿರುತ್ತವೆ. ಕೆಲವು ಅಗ್ಗದವು 25 ಡಿಗ್ರಿಗೆ ಲೆಕ್ಕ ಹಾಕಿರುತ್ತವೆ, ಕೆಲವು ಬರೆದೇ ಇರುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಕೋಣೆಯಲ್ಲಿ ಸಪ್ಲೈ ಒಳಗೆ ಹೋಗುವ ಗಾಳಿಯೇ 40 ಡಿಗ್ರಿ ಇರುತ್ತದೆ. 25 ಡಿಗ್ರಿಯ ಲೆಕ್ಕ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಗುರುತು ಕರೆಂಟ್ ಎಷ್ಟು ಉಳಿಸುತ್ತದೆ ಅಂತ ಮಾತ್ರ ಹೇಳುತ್ತದೆ. ಒಳಗಿನ ರಕ್ಷಣೆಯ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಓವರ್ ಕರೆಂಟ್, ಓವರ್ ವೋಲ್ಟೇಜ್, ಓವರ್ ಟೆಂಪರೇಚರ್ ರಕ್ಷಣೆ ಮೂರೂ ಇವೆಯಾ ನೋಡಿ. ಬ್ರಾಂಜ್ ಸಾಕು, ಆದರೆ ವಾರಂಟಿ 5 ವರ್ಷ ಇರುವುದನ್ನೇ ಹುಡುಕಿ. 550 ವ್ಯಾಟ್ ಇವತ್ತಿಗೆ ಧಾರಾಳ. 180 ವ್ಯಾಟ್‌ನ ಆರ್‌ಟಿಎಕ್ಸ್ 5060 ಟಿಐ ತರಹದ ಕಾರ್ಡ್ ಮುಂದೆ ಬೇಕು ಅನ್ನುವವರು 650 ತೆಗೆದುಕೊಳ್ಳಿ. ಇಂಥ ಸಪ್ಲೈ ಎರಡು ಕಾರ್ಡ್ ಬದಲಾದರೂ ಅಲ್ಲೇ ಇರುತ್ತದೆ.

ಬೋರ್ಡ್ ಮತ್ತು ಸಾಕೆಟ್

ಅಪ್‌ಗ್ರೇಡ್ ಅನ್ನುವ ಮಾತಿನ ಅರ್ಧ ಜೀವ ಸಾಕೆಟ್‌ನಲ್ಲಿದೆ, ಅಂದರೆ ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗದಲ್ಲಿ. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ ಬಂತು. 2017ರಲ್ಲಿ ಮೊದಲ ರೈಜನ್ ಹಾಕಿದ್ದ ಹಲವು ಬೋರ್ಡ್‌ಗಳು ಬಯಾಸ್ (ಬೋರ್ಡ್ ಒಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಆದ ಮೇಲೆ 2022ರ 5800ಎಕ್ಸ್3ಡಿ ಪ್ರೊಸೆಸರನ್ನೂ ಓಡಿಸಿದವು. ಒಂದೇ ಬೋರ್ಡ್ ಮೇಲೆ ಐದು ವರ್ಷದ ಅಂತರ! ಬೆಳೆಸುವ ಪಿಸಿ ಅಂದರೆ ಇದೇ ಅಲ್ವಾ? ಎಎಂ5 2022ರಲ್ಲಿ ಬಂತು, ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಸುತ್ತದೆ. 2027 ಮತ್ತು ಆಚೆಗೂ ಈ ಸಾಕೆಟ್‌ಗೆ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗೆ ಸೇವೆ ಕೊಟ್ಟಿತು. 2024ರಲ್ಲಿ 1851 ಅನ್ನುವ ಹೊಸ ಸಾಕೆಟ್ ಬಂತು.

ಇದರಿಂದ ನನ್ನ ತೀರ್ಮಾನ ಹೀಗೆ. ದುಡ್ಡು ಎಷ್ಟೇ ಬಿಗಿ ಇದ್ದರೂ, ಆಗುವುದಾದರೆ ಎಎಂ5. ರೈಜನ್ 5 7600 ಇವತ್ತು ಹಾಕಿ, ನಾಲ್ಕು ವರ್ಷ ಬಿಟ್ಟು 9800ಎಕ್ಸ್3ಡಿ ಅಥವಾ ಅದಕ್ಕಿಂತ ಹೊಸದು ಹಾಕಬಹುದು. ಅಷ್ಟು ಆಗದಿದ್ದರೆ ಎಎಂ4 ಮೇಲೆ 5600. ಅದು ಕೆಟ್ಟ ಆಯ್ಕೆ ಅಲ್ಲ, ಆದರೆ ಆ ದಾರಿಯ ಕೊನೆ ಹತ್ತಿರದಲ್ಲೇ ಇದೆ ಅಂತ ತಿಳಿದುಕೊಂಡೇ ಹೋಗಬೇಕು.

ಬೋರ್ಡ್‌ನಲ್ಲಿ ಬಣ್ಣದ ಲೈಟ್ ನೋಡುವ ಬದಲು ಪ್ರೊಸೆಸರ್ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇದೆಯಾ ನೋಡಿ. ನಮ್ಮ ಸೆಕೆಗೆ ಅದು ಬೇಕೇ ಬೇಕು. ಎಎಂ5ನ ಎ620 ಬೋರ್ಡ್‌ಗಳಲ್ಲಿ ಕೆಲವು 65 ವ್ಯಾಟ್ ಪ್ರೊಸೆಸರ್‌ಗಳಿಗೇ ಸೀಮಿತ. ಮುಂದೆ ದೊಡ್ಡದು ಹಾಕುವಾಗ ಕೈ ಕಟ್ಟಿದಂತಾಗುತ್ತದೆ. ಆದ್ದರಿಂದ ಬಿ650. ಎಎಂ4 ಆದರೆ ಎ520 ಬಿಟ್ಟು ಬಿ550, ಯಾಕೆಂದರೆ ಕಾರ್ಡ್‌ಗೆ ಪಿಸಿಐಇ 4.0 (ಕಾರ್ಡ್ ಮತ್ತು ಪ್ರೊಸೆಸರ್ ನಡುವಿನ ದಾರಿ, ಸಂಖ್ಯೆ ದೊಡ್ಡದಾದಷ್ಟು ವೇಗ ಜಾಸ್ತಿ) ಸಿಗುತ್ತದೆ. ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗ ಎರಡಿರಲಿ.

ಕಾರ್ಡ್ ಇಲ್ಲದೆ ಶುರು ಮಾಡುವವರಿಗೆ

ಮೊದಲು ಕಾರ್ಡ್ ಬೇಡ, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ವ್ಯಾಲೊರಂಟ್‌ನಂಥ ಆಟ ಆಡುತ್ತೇನೆ, ಆಮೇಲೆ ಕಾರ್ಡ್ ಹಾಕುತ್ತೇನೆ ಅನ್ನುವುದು ವಿದ್ಯಾರ್ಥಿಗಳಿಗೆ ಚೆನ್ನಾಗಿ ಹೊಂದುವ ಲೆಕ್ಕ. ಆದರೆ ಅದರೊಳಗೆ ಒಂದು ಸೂಕ್ಷ್ಮ ಇದೆ. ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ಡೇಟಾ ಓಡಾಡುವ ಲೇನ್‌ಗಳ ಸಂಖ್ಯೆ ಎಲ್ಲ ಪ್ರೊಸೆಸರ್‌ಗಳಲ್ಲಿ ಒಂದೇ ಇರುವುದಿಲ್ಲ. ರೈಜನ್ 7600 ಪ್ರೊಸೆಸರ್, ಕಾರ್ಡ್‌ಗೆ 16 ಲೇನ್ ಕೊಡುತ್ತದೆ. 8600ಜಿ 8 ಕೊಡುತ್ತದೆ. 8500ಜಿ ಬರೀ 4 ಕೊಡುತ್ತದೆ. 8500ಜಿ ಅಗ್ಗ ಅಂತ ಹಾಕಿಕೊಂಡರೆ, ಎರಡು ವರ್ಷ ಬಿಟ್ಟು ಒಳ್ಳೆಯ ಕಾರ್ಡ್ ತಂದಾಗ ಅದರ ಪೂರ್ತಿ ಶಕ್ತಿ ಸಿಗುವುದಿಲ್ಲ. ಎಎಂ4ನ 5600ಜಿಯಲ್ಲಿ 16 ಲೇನ್ ಇದ್ದರೂ ಅವು ಪಿಸಿಐಇ 3.0. ಬೋರ್ಡ್ ಬಿ550 ಆಗಿದ್ದರೂ 4.0 ಸಿಗುವುದಿಲ್ಲ. 7600 ಒಳಗೂ ಗ್ರಾಫಿಕ್ಸ್ ಇದೆ, ಆದರೆ ಅದು ಪರದೆ ಹೊತ್ತಿಸಲು ಮಾತ್ರ. ಆಟಕ್ಕೆ 8600ಜಿ ಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ, ಉದಾಹರಣೆಗೆ 12400ಎಫ್, ಒಳಗೆ ಗ್ರಾಫಿಕ್ಸ್ ಇಲ್ಲವೇ ಇಲ್ಲ.

ರ‍್ಯಾಮ್, ಎಸ್‌ಎಸ್‌ಡಿ

2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಹರಿದು ಹೋಗುತ್ತಿರುವುದೇ ಕಾರಣ. ಒಳಗಿನ ಗ್ರಾಫಿಕ್ಸ್‌ನಲ್ಲಿ ಆಡುವವರು 8 ಜಿಬಿಯ ಎರಡು ಕಡ್ಡಿ ಹಾಕಲೇಬೇಕು. ಆ ಗ್ರಾಫಿಕ್ಸ್ ರ‍್ಯಾಮನ್ನೇ ತನ್ನ ಮೆಮೊರಿಯಾಗಿ ಬಳಸುವುದರಿಂದ ಒಂದೇ ಕಡ್ಡಿ ಇದ್ದರೆ ಆಟ ತುಂಬಾ ನಿಧಾನ ಆಗುತ್ತದೆ. ಕಾರ್ಡ್ ಇರುವವರು ಸದ್ಯಕ್ಕೆ 16 ಜಿಬಿಯ ಒಂದೇ ಕಡ್ಡಿ ಹಾಕಿ, ಬೆಲೆ ಇಳಿದಾಗ ಅದೇ ಮಾಡೆಲ್‌ನ ಇನ್ನೊಂದು ಸೇರಿಸಬಹುದು. ಮಾಡೆಲ್ ನಂಬರ್ ಈಗಲೇ ಬರೆದಿಟ್ಟುಕೊಳ್ಳಿ. ಹಾಕಿದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗ ಸುಮ್ನೆ ಮಲಗಿರುತ್ತದೆ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ಎಂ.2 ಜಾಗದಲ್ಲಿ ಕೂರುವ ವೇಗದ ಬಗೆ) ಇದ್ದರೆ ಸಾಕು.

ಕ್ಯಾಬಿನೆಟ್, ಸೆಕೆ, ಧೂಳು

ಕೋಣೆ ಎಷ್ಟು ಡಿಗ್ರಿ ಏರುತ್ತದೆಯೋ ಒಳಗಿನ ಪಾರ್ಟ್‌ಗಳೂ ಸುಮಾರು ಅಷ್ಟೇ ಏರುತ್ತವೆ. 24 ಡಿಗ್ರಿ ಕೋಣೆಯಲ್ಲಿ 70 ತೋರಿಸಿದ ಪ್ರೊಸೆಸರ್, 42ರ ಕೋಣೆಯಲ್ಲಿ 88ರ ಹತ್ತಿರ ಹೋಗುತ್ತದೆ. 5600ರ ಮಿತಿ 90. ಮಿತಿ ಮುಟ್ಟಿದರೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಅದಕ್ಕೆ ಮುಂದೆ ಗಾಜಿನ ಬದಲು ಜಾಲರಿ ಇರುವ ಕ್ಯಾಬಿನೆಟ್ ತೆಗೆದುಕೊಳ್ಳಿ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಬಿಚ್ಚಿ ತೊಳೆಯುವ ಫಿಲ್ಟರ್ ಇರಲಿ. ಎಷ್ಟು ಮಿಲಿಮೀಟರ್ ಉದ್ದದ ಕಾರ್ಡ್ ಹಿಡಿಸುತ್ತದೆ ಅಂತ ಓದಿಕೊಳ್ಳಿ.

ಸೇಡಂ, ವಾಡಿ ಕಡೆ ಸಿಮೆಂಟಿನ ಧೂಳು. ತೊಗರಿ ರಾಶಿ ಕಾಲದಲ್ಲಿ ಹೊಲದ ಧೂಳು. ಪಿಸಿಯನ್ನು ನೆಲದ ಮೇಲೆ ಇಡಬೇಡಿ, ಒಂದು ಅಡಿಯಾದರೂ ಎತ್ತರದಲ್ಲಿಡಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಅದು ಗರಗರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೋಣೆಗೆ ಹಾಕುವ ನೀರಿನ ಕೂಲರ್‌ನ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯದಂತೆ ನೋಡಿಕೊಳ್ಳಿ. ಆ ತೇವ ಧೂಳಿನ ಜೊತೆ ಸೇರಿ ಬೋರ್ಡ್ ಮೇಲೆ ಕೂರುತ್ತದೆ.

ಗ್ರಾಫಿಕ್ಸ್ ಕಾರ್ಡ್

ಈಗ ಉಳಿದ ದುಡ್ಡು ಪೂರ್ತಿ ಇದಕ್ಕೆ. 1080ಪಿ (ಫುಲ್ ಎಚ್‌ಡಿ) ಆಟಕ್ಕೆ ಆರ್‌ಎಕ್ಸ್ 6600 ಇವತ್ತಿಗೂ ನಡೆಯುತ್ತದೆ. ಹೊಸದರಲ್ಲಿ ಆರ್‌ಟಿಎಕ್ಸ್ 5060ಗೆ 8 ಜಿಬಿ ಮೆಮೊರಿ, 145 ವ್ಯಾಟ್. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯಲ್ಲೂ ಸಿಗುತ್ತದೆ, 160 ವ್ಯಾಟ್. ನಾಲ್ಕೈದು ವರ್ಷ ಇಟ್ಟುಕೊಳ್ಳುವವರಿಗೆ 16 ಜಿಬಿಯದ್ದೇ ಸರಿ. ಇಂಟೆಲ್‌ನ ಆರ್ಕ್ ಬಿ580ಗೆ 12 ಜಿಬಿ ಇದೆ, ಆದರೆ ಹಳೆಯ ಪ್ರೊಸೆಸರ್ ಜೊತೆ ಅದು ಸೊರಗುತ್ತದೆ.

ಹಳೇ ಮಾಲು, ಖರೀದಿ

ಅಗ್ಗಕ್ಕೆ ಸಿಗುವ ನಾಲ್ಕನೇ ಪೀಳಿಗೆಯ ಐ5 ಆಫೀಸ್ ಪಿಸಿಗಳಿಂದ ದೂರ ಇರಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆ ಬೇಕು. ಜೊತೆಗೆ ಅಂಥ ಪಿಸಿಗಳಲ್ಲಿ ಪವರ್ ಸಪ್ಲೈ, ಬೋರ್ಡ್ ಎರಡೂ ಆ ಕಂಪನಿಯದೇ ಅಳತೆಯಲ್ಲಿ ಇರುವುದು ಜಾಸ್ತಿ. ಏನೂ ಬದಲಿಸಲು ಬರುವುದಿಲ್ಲ.

ಕಂಪ್ಯೂಟರ್ ಪಾರ್ಟ್‌ಗಳ ಮಾರುಕಟ್ಟೆಗಳಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ನಮಗೆ ಎಷ್ಟೋ ಹತ್ತಿರ. ಆದರೂ ಎಲ್ಲವನ್ನೂ ಅಲ್ಲಿಂದ ತರಬೇಕಿಲ್ಲ. ಪ್ರೊಸೆಸರ್ ಕೆಡುವುದು ಬಹಳ ಅಪರೂಪ, ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಿ, ಸೀಲ್ ಇರುವ ಬಾಕ್ಸ್ ಆಗಿದ್ದರೆ ಸಾಕು. ಪವರ್ ಸಪ್ಲೈ, ಬೋರ್ಡ್, ಯುಪಿಎಸ್ ಮೂರನ್ನು ಕಲಬುರಗಿಯಲ್ಲೇ ಕೊಳ್ಳುವುದು ಲೇಸು. ವಾರಂಟಿಗೆ ಹೋಗುವ ಸಾಧ್ಯತೆ ಇವಕ್ಕೇ ಜಾಸ್ತಿ, ನೂರು ರೂಪಾಯಿ ಹೆಚ್ಚಾದರೂ ಅಂಗಡಿ ಕಣ್ಣೆದುರಿಗೆ ಇರುತ್ತದೆ. ಎಲ್ಲಿ ಕೊಂಡರೂ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿದ ಪಕ್ಕಾ ಬಿಲ್ ಕೇಳಿ. ಬಿಲ್ ಮೇಲೆ ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರ್ ಜೊತೆ ಅಲ್ಲೇ ನಿಂತು ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.