ರಕ್ತದ ಭಯದ ನಡುವೆ ಹಿಂದುಳಿದ ನೀರಿನ ಪ್ರಶ್ನೆ: ದಂತ ಚಿಕಿತ್ಸಾಲಯಗಳ ಸೋಂಕು ನಿಯಂತ್ರಣದ ಹಿನ್ನೆಲೆ

ಬೆಂಗಳೂರು–ಚೆನ್ನೈ ಹೆದ್ದಾರಿಯಲ್ಲಿ ಸಿಗುವ ವಾಣಿಯಂಬಾಡಿ, ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ಊರು. ಅಲ್ಲಿನ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿಬಂದವರಲ್ಲಿ ಎಂಟು ಮಂದಿ 2023ರಲ್ಲಿ ಮಿದುಳಿಗೆ ಹರಡಿದ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕಿನಿಂದ ತೀರಿಕೊಂಡರೆಂಬ ವಿವರ 2025ರಲ್ಲಿ ಸಂಶೋಧನಾ ವರದಿಯಾಗಿ ಹೊರಬಂತು. ಹಲ್ಲುನೋವಿಗೆ ಔಷಧ ಕೇಳಿಕೊಂಡು ಹೋದವರಿಗೆ ಇಂಥ ಕಾಯಿಲೆ ಅಂಟಿದ್ದು ಹೇಗೆಂದು ತಿಳಿಯಬೇಕಾದರೆ ಸೋಂಕು ತಡೆಯುವ ನಿಯಮಗಳು ಬೆಳೆದುಬಂದ ದಾರಿಯನ್ನು ನೋಡಬೇಕಾಗುತ್ತದೆ.

1970ರ ದಶಕದವರೆಗೂ ಹಲ್ಲಿನ ವೈದ್ಯರು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದುದು ಸಾಮಾನ್ಯವಾಗಿತ್ತು. ಹೆಪಟೈಟಿಸ್ ಬಿ ವೈದ್ಯರನ್ನೇ ಹಿಡಿಯತೊಡಗಿದ ಮೇಲೆ, ಅದರ ಬೆನ್ನಿಗೆ ಏಡ್ಸ್ ಬಂದ ಮೇಲೆ, ಗ್ಲೌಸು, ಮಾಸ್ಕು, ಉಪಕರಣಗಳನ್ನು ಬಿಸಿ ಹಬೆಯಲ್ಲಿ ಸೋಂಕುಮುಕ್ತಗೊಳಿಸುವ ಆಟೋಕ್ಲೇವುಗಳು ಕಡ್ಡಾಯದ ಮಾತಾದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1986ರಲ್ಲಿ ದಂತ ಚಿಕಿತ್ಸೆಗೆಂದೇ ಮಾರ್ಗಸೂಚಿ ಹೊರಡಿಸಿತು. 1990ರಲ್ಲಿ ಫ್ಲೋರಿಡಾದ ರೋಗಿಯೊಬ್ಬರಿಗೆ ವೈದ್ಯರಿಂದ ಎಚ್‌ಐವಿ ತಗುಲಿರಬಹುದೆಂಬ ವರದಿ ಬಂದಾಗ ಇಡೀ ವೃತ್ತಿಯೇ ಬೆಚ್ಚಿಬಿತ್ತು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ನಿಲ್ಲುವ ಕ್ಷಣದಲ್ಲಿ ಬಾಯೊಳಗಿನ ಜೊಲ್ಲನ್ನೂ ರಕ್ತವನ್ನೂ ತುಸು ಒಳಕ್ಕೆ ಎಳೆದುಕೊಳ್ಳಬಲ್ಲದು, ಹೊರಮೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಅದು ಹೋಗುವುದಿಲ್ಲ ಎಂಬ ಅರಿವು ಆ ಹೊತ್ತಿನಲ್ಲೇ ಗಟ್ಟಿಯಾಯಿತು. ಪ್ರತಿ ರೋಗಿಯ ನಂತರ ಹ್ಯಾಂಡ್‌ಪೀಸನ್ನು ಆಟೋಕ್ಲೇವಿಗೆ ಹಾಕಬೇಕೆಂದರೆ ಒಂದರ ಬದಲು ನಾಲ್ಕಾರು ಇಟ್ಟುಕೊಳ್ಳಬೇಕು. ಸಣ್ಣ ಕ್ಲಿನಿಕ್ಕುಗಳಲ್ಲಿ ನಿಯಮ ಸಡಿಲಗೊಳ್ಳುವುದು ಬಹುಮಟ್ಟಿಗೆ ಈ ಲೆಕ್ಕಾಚಾರದಲ್ಲೇ.

ರಕ್ತದ ಮೇಲೆ ಹೀಗೆ ಕಣ್ಣು ನೆಟ್ಟಿದ್ದಾಗ ನೀರು ಹಿಂದೆ ಉಳಿಯಿತು. ಡೆಂಟಲ್ ಚೇರಿನಿಂದ ರೋಗಿಯ ಬಾಯಿಗೆ ಚಿಮ್ಮುವ ನೀರು ಕಲುಷಿತವಾಗಿರುತ್ತದೆಂದು ಬ್ರಿಟನ್ನಿನಲ್ಲಿ 1963ರಲ್ಲೇ ವರದಿಯಾಗಿತ್ತು. ಚೇರಿನೊಳಗಿನ ನಳಿಕೆಗಳು ಬಹಳ ಸಣ್ಣವು. ರಾತ್ರಿಯಿಡೀ, ಭಾನುವಾರವಿಡೀ ಅವುಗಳಲ್ಲಿ ನೀರು ನಿಂತಿರುತ್ತದೆ. ಒಳಗೋಡೆಗೆ ಪಾಚಿಯಂತೆ ಅಂಟಿಕೊಳ್ಳುವ ಸೂಕ್ಷ್ಮಾಣುಗಳ ಪದರವು ಬೆಳಿಗ್ಗೆ ನಳಿಕೆಯಲ್ಲಿ ಒಂದಿಷ್ಟು ನೀರು ಹರಿಸಿದ ಮಾತ್ರಕ್ಕೆ ಕಳಚಿಕೊಳ್ಳುವುದಿಲ್ಲ. ಈ ನೀರಿನಲ್ಲಿ ಮಿಲಿಲೀಟರಿಗೆ 500ಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಾರದು, ಶಸ್ತ್ರಚಿಕಿತ್ಸೆಗಂತೂ ಸೂಕ್ಷ್ಮಾಣುಗಳಿಲ್ಲದ (ಸ್ಟೆರೈಲ್) ಸಲೈನನ್ನೋ ನೀರನ್ನೋ ಬಳಸಬೇಕು ಎಂದು ಅಮೆರಿಕದ ಮಾರ್ಗಸೂಚಿ ಹೇಳಿದ್ದು 2003ರಲ್ಲಿ. ಆಮೇಲೂ 2011ರಲ್ಲಿ ಇಟಲಿಯ 82 ವರ್ಷದ ಮಹಿಳೆಯೊಬ್ಬರು ಇಂಥ ನೀರಿನಿಂದ ಬಂದ, ಶ್ವಾಸಕೋಶವನ್ನು ಹಿಡಿಯುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕಿಗೆ ಬಲಿಯಾದರು. 2016ರಲ್ಲಿ ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಹಾಲುಹಲ್ಲಿನ ತಿರುಳಿಗೆ ಚಿಕಿತ್ಸೆ ಪಡೆದ ಹತ್ತಾರು ಮಕ್ಕಳ ದವಡೆಗೆ ಇಂಥ ನೀರಿನಿಂದಲೇ ಸೋಂಕು ತಗುಲಿತು.

ವಾಣಿಯಂಬಾಡಿಯಲ್ಲಿ ಶಂಕೆ ಬಿದ್ದದ್ದು ನಳಿಕೆಯ ಮೇಲಲ್ಲ, ಚಿಕಿತ್ಸೆಯ ಜಾಗವನ್ನು ತೊಳೆಯುವ ಸಲೈನ್ ಬಾಟಲಿಯ ಮೇಲೆ. ಒಸಡನ್ನು ಮೂಳೆಯಿಂದ ಬಿಡಿಸುವ ಉಪಕರಣದಿಂದಲೇ ಬಾಟಲಿಯನ್ನು ತೆರೆದು, ಸಡಿಲವಾಗಿ ಮುಚ್ಚಿಟ್ಟು, ಉಳಿದದ್ದನ್ನು ಮತ್ತೆ ಬಳಸಲಾಗುತ್ತಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಮಣ್ಣು, ನೀರುಗಳಲ್ಲಿ ಬದುಕುವ, ಮೆಲಿಯಾಯ್ಡೋಸಿಸ್ ತರುವ ಈ ಬ್ಯಾಕ್ಟೀರಿಯಾ ನಮಗೂ ಹೊಸದಲ್ಲ. ಉಡುಪಿಯ ಕಡೆ ಮಳೆಗಾಲದಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ, ಮೆಲಿಯಾಯ್ಡೋಸಿಸ್ ಕಾಣಿಸಿಕೊಳ್ಳುವುದನ್ನು ವೈದ್ಯರು ಬಹುಕಾಲದಿಂದ ದಾಖಲಿಸಿದ್ದಾರೆ.

ನಮ್ಮಲ್ಲಿ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು 1998ರಲ್ಲಿ ಬಂದು 2016ರಲ್ಲಿ ಬಿಗಿಯಾದವು. ಕ್ಲಿನಿಕ್ಕಿನಿಂದ ಹೊರಹೋಗುವ ಹತ್ತಿಗೂ ಸೂಜಿಗೂ ಬಣ್ಣದ ಚೀಲ, ಬಾರ್‌ಕೋಡ್, ದಾಖಲೆ ಎಲ್ಲವೂ ಇವೆ. ರೋಗಿಯ ಬಾಯಿಗೆ ಹೋಗುವ ನೀರಿನ ಪರೀಕ್ಷಾ ವರದಿಯನ್ನು ಕೇಳುವವರು ಮಾತ್ರ ವಿರಳ. ಕೋವಿಡ್ ಬಂದಾಗ, 2020ರ ಮೇ ತಿಂಗಳಲ್ಲಿ, ಕೇಂದ್ರ ಆರೋಗ್ಯ ಸಚಿವಾಲಯವು ದಂತವೈದ್ಯರಿಗೆ ವಿವರವಾದ ಸೂಚನೆಗಳನ್ನು ಕೊಟ್ಟಿತಾದರೂ ಆ ದಿನಗಳ ಆತಂಕವೆಲ್ಲ ಗಾಳಿಯಲ್ಲಿ ಹರಡುವ ತುಂತುರಿನ ಸುತ್ತಲೇ ಇದ್ದದ್ದು ಸಹಜ. ಒಬ್ಬ ರೋಗಿಗೆ ಒಂದೇ ಬಾಟಲಿ, ಉಳಿದದ್ದು ಚರಂಡಿಗೆ ಎಂಬ ಕ್ರಮಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಅದಕ್ಕೆಂದೇ 100 ಮಿಲಿಲೀಟರಿನ ಸಲೈನ್ ಬಾಟಲಿಗಳು ಔಷಧದಂಗಡಿಯಲ್ಲಿ ಸಿಗುತ್ತವೆ. ಅರ್ಧ ಲೀಟರಿನ ಬಾಟಲಿಯನ್ನು ದಿನವಿಡೀ ಬಳಸುವುದಕ್ಕಿಂತ ಖರ್ಚು ತುಸು ಹೆಚ್ಚು, ಅಷ್ಟೇ.